ಮೊದಲ ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ, ಅಂಗಡಿಯವ್ರು ₹9,500 ಕಾಂಬೋ ತಗೊಳ್ಳಿ ಅಂತಿದಾರೆ, ನಿಜವಾಗ್ಲೂ ಏನೇನು ಬೇಕು?

ಸಾಗರದ_ಹೊಸಬ (ಮೇ 27, ರಾತ್ರಿ 9:40)

ಎಲ್ರಿಗೂ ನಮಸ್ಕಾರ. ಮೂರು ವರ್ಷ ದುಡ್ಡು ಕೂಡಿಟ್ಟು ಅಂತೂ ಕ್ಯಾನನ್ ಆರ್50 ತಗೊಂಡೆ, 18-45 ಮತ್ತೆ 55-210 ಎರಡೂ ಲೆನ್ಸ್ ಬರೋ ಕಿಟ್. ಇಲ್ಲಿವರೆಗೆ ಎಲ್ಲಾ ಫೋನಲ್ಲೇ. ತೆಗಿಬೇಕು ಅಂತ ಆಸೆ ಇರೋದು ಯಕ್ಷಗಾನ, ಹಕ್ಕಿ, ನಮ್ಮ ತೋಟ, ಮಳೆ ಬಂದ್ಮೇಲೆ ಜೋಗ.

ಬಿಲ್ ಮಾಡೋವಾಗ ಅಂಗಡಿಯವ್ರು ಒಂದು ಕಾಂಬೋ ತೋರಿಸಿದ್ರು. ಟ್ರೈಪಾಡ್, ಬ್ಯಾಗು, ಎರಡು ಯುವಿ ಫಿಲ್ಟರ್, 32 ಜಿಬಿ ಕಾರ್ಡ್, ಕ್ಲೀನಿಂಗ್ ಕಿಟ್, ಚಿಕ್ಕದೊಂದು ಎಲ್ಇಡಿ ಲೈಟು, ಎಲ್ಲ ಸೇರಿ ₹9,500. "ಇದಿಲ್ದೆ ಬರೀ ಕ್ಯಾಮೆರಾ ಇಟ್ಕೊಂಡು ಏನ್ ಪೂಜೆ ಮಾಡ್ತೀರಾ" ಅಂದ್ರು. ಶನಿವಾರ ಬರ್ತೀನಿ ಅಂತ ಹೇಳಿ ತಪ್ಪಿಸ್ಕೊಂಡು ಬಂದಿದೀನಿ. ನನ್ನ ಹತ್ರ ಇರೋದು ₹12,000, ಅದಾದ್ಮೇಲೆ ದೀಪಾವಳಿವರೆಗೆ ಒಂದು ರೂಪಾಯಿ ಇಲ್ಲ. ಬಲ್ಲವರು ಹೇಳಿ.

ಸ್ಟುಡಿಯೋ_ಮಾವ (ಮೇ 27, ರಾತ್ರಿ 10:05)

ಶನಿವಾರ ಹೋಗ್ಲೇಬೇಡ ತಮ್ಮಾ. ಆ ಟ್ರೈಪಾಡ್ 3110 ಅಂತ ಒಂದು ಬರುತ್ತಲ್ಲ ಅದೇ ಇರುತ್ತೆ, ಸಿಲ್ವರ್ ಕಲರ್, ಒಂದು ಹಿಡಿಕೆ, ಪ್ಲಾಸ್ಟಿಕ್ ತಲೆ. ಫೋನಿಗೆ ಓಕೆ. 55-210 ಹಾಕಿ ಮುಂದಕ್ಕೆ ಬಗ್ಗಿಸಿ ಟೈಟ್ ಮಾಡು, ಕೈ ಬಿಟ್ಟ ತಕ್ಷಣ ಲೆನ್ಸು ನಿಧಾನಕ್ಕೆ ತಲೆ ತಗ್ಗಿಸುತ್ತೆ, ಹೊಸ ಮದುಮಗಳ ತರ. 25 ವರ್ಷದಿಂದ ಮದುವೆ ಫೋಟೋ ತೆಗೀತಿದೀನಿ, ಇಂಥದ್ದು ನಾಲ್ಕು ಮುರಿದು ಹಾಕಿದೀನಿ.

ಇನ್ನೊಂದು ಮುಖ್ಯವಾದ ಮಾತು, ಯಾರಾದ್ರೂ ಫ್ರೆಂಡು "ಹಳೇ ಫ್ಲಾಶ್ ಇದೆ ತಗೋ" ಅಂದ್ರೆ ದುಡ್ಡು ಕೊಟ್ಬಿಡ್ಬೇಡ. ಆರ್50 ತಲೆ ಮೇಲಿರೋದು ಹೊಸ ಮಲ್ಟಿ-ಫಂಕ್ಷನ್ ಶೂ (ಫ್ಲಾಶ್ ಕೂರಿಸೋ ಜಾಗ), ಹಳೇ ಫ್ಲಾಶಿನ ಪಿನ್ನುಗಳು ಅದ್ರಲ್ಲಿ ಇಲ್ಲ, ಎಡಿ-ಇ1 ಅಂತ ಅಡಾಪ್ಟರ್ ಬೇರೆ ತಗೋಬೇಕು. ನನ್ನ ಶಿಷ್ಯ ಒಬ್ಬ ಸೆಕೆಂಡ್ ಹ್ಯಾಂಡ್ ಫ್ಲಾಶ್ ತಂದು ಹಾಕಿ, ಉರೀತಿಲ್ಲ ಉರೀತಿಲ್ಲ ಅಂತ ಸೆಲ್ಲು ಎರಡು ಸಲ ಬದಲಾಯಿಸಿದ್ದ.

ಐಟಿ_ಹಕ್ಕಿ (ಮೇ 27, ರಾತ್ರಿ 11:20)

ಕಾಂಗ್ರಾಟ್ಸ್ ಬ್ರೋ. ಹಕ್ಕಿ ತೆಗೀತೀನಿ ಅಂದ್ರೆ ಕಾರ್ಡಲ್ಲಿ ಕಾಂಪ್ರಮೈಸ್ ಮಾಡ್ಬೇಡಿ. ಜಾಸ್ತಿ ಸ್ಪೀಡಿನ ಯುಎಚ್ಎಸ್-2 ವಿ60 ಅಥ್ವಾ ವಿ90 ತಗೊಳ್ಳಿ, ಇಲ್ಲಾಂದ್ರೆ ಬರ್ಸ್ಟ್ (ಒಂದರ ಹಿಂದೊಂದು ಪಟಪಟ ಫೋಟೋ) ಹೊಡೆದಾಗ ಕ್ಯಾಮೆರಾ ನಿಂತೋಗುತ್ತೆ. ಟ್ರೈಪಾಡ್ ಒಂದೇ ಸಲ ಕಾರ್ಬನ್ ಫೈಬರ್ ತಗೊಂಡ್ಬಿಡಿ, ಬೈ ಒನ್ಸ್ ಕ್ರೈ ಒನ್ಸ್.

ತುಂಗಾತೀರ (ಮೇ 28, ಬೆಳಗ್ಗೆ 7:15)

ಐಟಿ ಹಕ್ಕಿಯವ್ರೇ, ಅವ್ರ ಬಜೆಟ್ ₹12,000. ಕಾರ್ಬನ್ ಟ್ರೈಪಾಡಿಗೆ ಅಳೋದು ಒಂದ್ಸಲ ಅಲ್ಲ, ದೀಪಾವಳಿವರೆಗೂ ಅಳ್ಬೇಕು.

ಆರ್50ರ ಕಾರ್ಡ್ ಸ್ಲಾಟ್ ಯುಎಚ್ಎಸ್-1. ಅದಕ್ಕೆ ಯುಎಚ್ಎಸ್-2 ಕಾರ್ಡ್ ಹಾಕಿದ್ರೆ ಕೆಲ್ಸ ಮಾಡುತ್ತೆ, ಆದ್ರೆ ಓಡೋದು ಯುಎಚ್ಎಸ್-1 ಸ್ಪೀಡಲ್ಲೇ, ಹಳ್ಳಿ ರೋಡಲ್ಲಿ ರೇಸ್ ಕಾರು ಬಿಟ್ಟಂಗೆ. ವಿ30 ಅಂದ್ರೆ ಕನಿಷ್ಠ ಸೆಕೆಂಡಿಗೆ 30 ಎಂಬಿ ಬರೆಯೋ ಗ್ಯಾರಂಟಿ. ಈ ಕ್ಯಾಮೆರಾದ 4ಕೆ ವಿಡಿಯೋಗೆ ಸೆಕೆಂಡಿಗೆ 15 ಎಂಬಿ ಬಂದ್ರೆ ಆಯ್ತು, ಹಾಗಾಗಿ ವಿ30 ಧಾರಾಳ. ಕಾರ್ಡ್ ಮೇಲೆ ದಪ್ಪ ಅಕ್ಷರದಲ್ಲಿ 170, 200 ಅಂತ ಹಾಕಿರೋದು ಓದೋ ಸ್ಪೀಡು, ಅದೂ ಅವರದ್ದೇ ರೀಡರ್ ಇದ್ರೆ ಮಾತ್ರ. ಬರ್ಸ್ಟಲ್ಲಿ ನಿಲ್ಲೋದು ಮುಖ್ಯವಾಗಿ ಕ್ಯಾಮೆರಾದ ಬಫರ್ (ಫೋಟೋ ಕಾರ್ಡಿಗೆ ಹೋಗೋ ಮುಂಚೆ ನಿಲ್ಲೋ ಜಾಗ) ಚಿಕ್ಕದಾಗಿರೋದ್ರಿಂದ, ಸಿ-ರಾ ಮೋಡ್ (ರಾ ಅಂದ್ರೆ ಸೆನ್ಸರಿಂದ ಬಂದಂಗೇ ಇರೋ ದೊಡ್ಡ ಫೈಲು, ಇದು ಅದನ್ನ ಕುಗ್ಗಿಸಿದ್ದು) ಹಾಕ್ಕೊಂಡ್ರೆ ಜಾಸ್ತಿ ಹೊತ್ತು ತಡ್ಕೊಳುತ್ತೆ, ಅದಕ್ಕೆ ದುಡ್ಡೂ ಬೇಡ.

64 ಜಿಬಿ ಒಂದು ಸಾಕು, ಎರಡಿದ್ರೆ ನೆಮ್ಮದಿ. ರಾ ಫೈಲೇ ಎರಡು ಸಾವಿರ ಹತ್ರ ಹಿಡಿಯುತ್ತೆ. ಆನ್‌ಲೈನ್ ಸೇಲಲ್ಲಿ 256 ಜಿಬಿ ₹500ಕ್ಕೆ ಅಂತ ಬಂದ್ರೆ ಮುಟ್ಬೇಡಿ. ಎಲ್ಲಿ ತಗೊಂಡ್ರೂ ಮನೆಗೆ ತಂದ್ಮೇಲೆ ಕಂಪ್ಯೂಟರಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಸಾಫ್ಟ್‌ವೇರ್ ಹಾಕಿ ಪೂರ್ತಿ ತುಂಬಿಸಿ ಚೆಕ್ ಮಾಡಿ, ಲಿನಕ್ಸ್ ಆದ್ರೆ ಎಫ್3. ಡೂಪ್ಲಿಕೇಟ್ ಕಾರ್ಡು ಶುರುವಲ್ಲಿ ಚೆನ್ನಾಗೇ ಇರುತ್ತೆ, ಒಳಗಿರೋ ನಿಜವಾದ ಜಾಗ ಮುಗಿದ್ಮೇಲೆ ಫೋಟೋ ಬರ್ದಂಗೆ ನಾಟಕ ಆಡುತ್ತೆ.

ಐಟಿ_ಹಕ್ಕಿ (ಮೇ 28, ಬೆಳಗ್ಗೆ 9:02)

ಓಕೆ ಸ್ಲಾಟ್ ವಿಷ್ಯ ಒಪ್ಕೊಂಡೆ, ನಾನು ದೊಡ್ಡ ಬಾಡಿ ಲೆಕ್ಕದಲ್ಲಿ ಹೇಳ್ದೆ. ಆದ್ರೆ ಸ್ಪೇರ್ ಬ್ಯಾಟರಿ ಬೇಕೇ ಬೇಕು, ಅದ್ರಲ್ಲಿ ಯಾರೂ ನನ್ನ ಜೊತೆ ಜಗಳ ಆಡ್ಬೇಡಿ. ಒಳಗೆ ಕನ್ನಡಿ ಇರೋ ಡಿಎಸ್ಎಲ್ಆರ್ ತರ ಅಲ್ಲ ಇದು, ನೀವು ಬರೀ ನೋಡ್ತಾ ಕೂತ್ರೂ ಸೆನ್ಸರ್ರು, ವ್ಯೂಫೈಂಡರ್ ಪರದೆ ಎರಡೂ ಕರೆಂಟ್ ತಿಂತಾನೇ ಇರುತ್ವೆ. ರಂಗನತಿಟ್ಟಲ್ಲಿ ದೋಣಿ ಹತ್ತೋಕ್ ಮುಂಚೆನೇ ಸಿಕ್ಕಿದ್ದಕ್ಕೆಲ್ಲ ಕ್ಯಾಮೆರಾ ಎತ್ತಿ ಎತ್ತಿ, ಕಡೆಗೆ ಮೊಸಳೆ ಬಾಯಿ ತೆಗೆದಾಗ ಕೆಂಪು ಬ್ಯಾಟರಿ ಮಿಣುಕ್ತಿತ್ತು ನಂದು.

ಕರಾವಳಿ_ಕಡ್ಲೆ (ಮೇ 28, ಮಧ್ಯಾಹ್ನ 1:30)

ಎಲ್ಲ ಹೇಳಿದ್ರಿ, ಮುಖ್ಯದ್ದು ಒಬ್ರೂ ಹೇಳ್ಲಿಲ್ಲ ಅಲ್ವಾ ಮಾರಾಯ್ರೆ. ಇವರು ಸಾಗರದವ್ರು. ಇವತ್ತು ಮೇ 28.

ಪತ್ತನಾಜೆ (ಆಟದ ಸೀಸನ್ ಮುಗಿಯುವ ದಿನ) ಆಯ್ತು, ಮೇಳದವ್ರು ಗೆಜ್ಜೆ ಬಿಚ್ಚಿ ಆಯ್ತು. ಇನ್ನು ಬಯಲಾಟ ನೋಡ್ಲಿಕ್ಕೆ ಸಿಗುದು ದೀಪಾವಳಿ ಕಳ್ದ ಮೇಲೆ, ನಡುವೆ ಮನೆಮನೆಗೆ ಬರುವ ಚಿಕ್ಕಮೇಳ ಮಾತ್ರ. ಅಂದ್ರೆ ನಿಮ್ಮ ಕ್ಯಾಮೆರಾ ನಾಲ್ಕೈದು ತಿಂಗಳು ಬ್ಯಾಗಿನೊಳಗೆ ಕತ್ತಲಲ್ಲಿ ಮಲ್ಗಿರ್ತದೆ. ಹೊರಗೆ ಜಡಿಮಳೆ. ಫಂಗಸ್ಸಿಗೆ ಇದಕ್ಕಿಂತ ಒಳ್ಳೆ ಬಿಡಾರ ಎಂತ ಬೇಕು?

ನನ್ನದೇ ಕಥೆ ಕೇಳಿ. ಎರಡು ಮಳೆಗಾಲದ ಹಿಂದೆ ಒಂದು 50 ಎಂಎಂ ಲೆನ್ಸನ್ನು ಚಂದದ ಲೆದರ್ ಪೌಚಲ್ಲಿ ಹಾಕಿ ಗೋದ್ರೇಜಿನಲ್ಲಿ ಬಟ್ಟೆ ಅಡಿಗೆ ಇಟ್ಟಿದ್ದೆ, ಜೋಪಾನ ಅಂತ. ನವರಾತ್ರಿಗೆ ತೆಗಿತೇನೆ, ಪೌಚಿನ ಮೇಲೆ ಬಿಳಿ ಬೂಷ್ಟು, ನಮ್ಮ ಹಳೇ ಚಪ್ಪಲಿ ಮೇಲೆ ಬರ್ತದಲ್ಲ ಹಾಗೆ. ಲೆನ್ಸ್ ಹೊರಗಿಂದ ಪಳಪಳ. ಹಿಂದಿಂದ ಮೊಬೈಲ್ ಟಾರ್ಚ್ ಬಿಟ್ಟು ಅಡ್ಡ ಹಿಡ್ದು ನೋಡಿದ್ರೆ ಒಳಗಿನ ಗಾಜಿನ ಅಂಚಿಂದ ಜೇಡರ ಬಲೆಯ ಹಾಗೆ ಸಪೂರ ಎಳೆಗಳು ನಡುವಿಗೆ ಬರ್ತಾ ಉಂಟು. ರಿಪೇರಿಯವ್ರು ಬಿಚ್ಚಿ ಒರೆಸಿ ಕೊಟ್ರು, ಲೆನ್ಸಿನ ಅರ್ಧ ರೇಟು ತಗೊಂಡ್ರು, ಎಳೆ ಹೋಯ್ತು. ಆದ್ರೆ ಫಂಗಸ್ ಆಸಿಡ್ ಬಿಡ್ತದಂತೆ, ಅದು ಕೋಟಿಂಗನ್ನು ತಿಂದಾಗಿತ್ತು. ಈಗ್ಲೂ ದೀಪದ ಎದುರು ತೆಗೆದ್ರೆ ಫೋಟೋಕ್ಕೆ ನೀರುಮಜ್ಜಿಗೆ ಚೆಲ್ಲಿದ ಹಾಗೆ ಕಾಣ್ತದೆ.

ಹಾಗಾಗಿ ಮೊದ್ಲು ಡಬ್ಬ. ಟ್ರೈಪಾಡ್ ಗೀಪಾಡ್ ಆಮೇಲೆ.

ಸಾಗರದ_ಹೊಸಬ (ಮೇ 28, ಸಂಜೆ 6:10)

ಅಯ್ಯೋ ಇದು ಯಾರೂ ಹೇಳಿರ್ಲಿಲ್ಲ. ಡಬ್ಬ ಅಂದ್ರೆ ಎಂಥ ಡಬ್ಬ? ಅಜ್ಜಿ ಹತ್ರ ಹೇಳಿದ್ದಕ್ಕೆ, ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಇಡು, ಬೀಜ ಎಲ್ಲ ಅಲ್ಲೇ ಬೆಚ್ಚಗಿರ್ತಾವೆ, ಕ್ಯಾಮೆರಾಗೇನು ಅಂತಾರೆ. ಇನ್ನೊಬ್ಬ ಫ್ರೆಂಡು ಅಕ್ಕಿ ಡಬ್ಬದಲ್ಲಿ ಹುಗಿದಿಡು ಅಂದ.

ಕಾಡುಮಲ್ಲಿಗೆ (ಮೇ 28, ರಾತ್ರಿ 8:45)

ತೀರ್ಥಹಳ್ಳಿ ಕಡೆಯವಳು ನಾನು, ಆಗುಂಬೆ ಮಳೆ ಅರ್ಧ ನಮ್ಮನೇಲೇ ಬೀಳೋದು. ಅಜ್ಜಿ ಹೇಳಿದ್ದು ಬಿಸಿ ಲೆಕ್ಕದಲ್ಲಿ ಸರಿನೇ, ಆದ್ರೆ ಹೊಗೆ ಇದೆಯಲ್ಲ, ಅಟ್ಟದ ಜಂತಿ ಮುಟ್ಟಿ ನೋಡಿ, ಆ ಕಪ್ಪು ಜಿಡ್ಡು ಲೆನ್ಸ್ ಒಳಗೆ ಹೋಗೋದು ಬೇಡ. ಅಕ್ಕಿಯಂತೂ ಬೇಡವೇ ಬೇಡ, ಮಳೆಗಾಲದಲ್ಲಿ ನಮ್ಮನೆ ಅಕ್ಕಿಗೇ ಹುಳ ಬೀಳುತ್ತೆ, ಅದರ ಬಿಳಿ ಪುಡಿ ಝೂಮ್ ರಿಂಗ್ ಸಂದಿಗೆ ಹೋದ್ರೆ ದೇವ್ರೇ ಗತಿ.

ನಾನು ಮಾಡಿರೋದು ಹೇಳ್ತೀನಿ. ಮುಚ್ಚಳಕ್ಕೆ ರಬ್ಬರ್ ಇರೋ, ನಾಲ್ಕು ಕಡೆ ಲಾಕ್ ಆಗೋ ಪ್ಲಾಸ್ಟಿಕ್ ಡಬ್ಬ, ಹತ್ತು ಹನ್ನೆರಡು ಲೀಟರಿಂದು. ಒಳಗೆ ತೇವ ತೋರ್ಸೋ ಚಿಕ್ಕ ಡಿಜಿಟಲ್ ಮೀಟರು, ಹೈಗ್ರೋಮೀಟರ್ ಅಂತ ಕೇಳಿದ್ರೆ ಕೊಡ್ತಾರೆ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಅರ್ಧ ಕೆಜಿ ಸಿಲಿಕಾ ಜೆಲ್ಲು, ಹಳೇ ಕಾಟನ್ ಸಾಕ್ಸಲ್ಲಿ ತುಂಬಿ ಗಂಟು ಹಾಕಿ ಮೂಲೇಲಿ. ಶೂ ಡಬ್ಬಿಲಿ ಬರೋ ಚಿಕ್ಕ ಪ್ಯಾಕೆಟ್ಟು ನಾಲ್ಕು ಹಾಕಿದ್ರೆ ಏನೂ ಆಗಲ್ಲ, ಅದು ಸಮಾಧಾನಕ್ಕೆ ಅಷ್ಟೇ. ಮೀಟರಲ್ಲಿ 40ರಿಂದ 50 ಪರ್ಸೆಂಟ್ ಇದ್ರೆ ಸರಿ. 60 ದಾಟ್ತು ಅಂದ್ರೆ ಜೆಲ್ ದಣಿದಿದೆ ಅಂತ. ತೀರಾ 30ಕ್ಕಿಂತ ಕೆಳಗೂ ಇಳಿಸ್ಬೇಡಿ, ರಬ್ಬರು ಗ್ರೀಸು ಒಣಗೋದು ಬೇಡ.

ದಣಿದ ಜೆಲ್ಲನ್ನ ಬಾಣಲೇಲಿ ಸಣ್ಣ ಉರೀಲಿ ಹುರಿದ್ರೆ ಬಣ್ಣ ವಾಪಸ್ ಬರುತ್ತೆ, ಆರಿಸಿ ಮತ್ತೆ ಹಾಕೋದು. ಆದ್ರೆ ನೀಲಿ ಜೆಲ್ ತಗೋಬೇಡಿ, ಅದಕ್ಕೆ ಬಣ್ಣ ಬರ್ಸೋಕೆ ಹಾಕೋ ಕೋಬಾಲ್ಟ್ ವಿಷ. ಕಿತ್ತಳೆ ಬಣ್ಣದ್ದು ಸಿಗುತ್ತೆ, ತೇವ ಕುಡಿದ್ರೆ ಹಸಿರಾಗುತ್ತೆ, ಅದನ್ನ ತಗೊಳ್ಳಿ. ಯಾವ್ದಾದ್ರೂ ಸರಿ, ಅಡುಗೆ ಬಾಣಲೇಲಿ ಹುರೀಬೇಡಿ, ಮೂಲೆಗೆ ಹಾಕಿರೋ ತಳ ಸೀದ ಬಾಣಲೆ ಒಂದು ಎಲ್ರ ಮನೇಲೂ ಇರುತ್ತೆ.

ಮುಖ್ಯ ಏನಂದ್ರೆ ಬ್ಯಾಗನ್ನೇ ಡಬ್ಬದಲ್ಲಿ ಇಡೋದಲ್ಲ. ಬ್ಯಾಗಿನ ಸ್ಪಂಜೇ ನೀರು ಕುಡ್ಕೊಂಡಿರುತ್ತೆ. ಕ್ಯಾಮೆರಾ ಬ್ಯಾಗಿಂದ ಹೊರಗೆ ತೆಗೆದು ಇಡಿ.

ಸ್ಟುಡಿಯೋ_ಮಾವ (ಮೇ 28, ರಾತ್ರಿ 9:30)

ಕಾಡುಮಲ್ಲಿಗೆ ಅಮ್ಮ ಹೇಳಿದ್ದು ನೂರಕ್ಕೆ ನೂರು. ನಮ್ಮ ಗುರುಗಳು ಫಿಲ್ಮ್ ಕಾಲದಲ್ಲಿ ಮರದ ಬೀರು ಒಳಗೆ ಜೀರೋ ಬಲ್ಬು ಉರಿಸಿ ಬಿಡ್ತಿದ್ರು, ಮಳೆಗಾಲ ಪೂರ್ತಿ ಹಗಲು ರಾತ್ರಿ. ಈಗ ಹುಡುಗರು ಅದನ್ನೇ ಕೇಳಿ ಎಲ್ಇಡಿ ಜೀರೋ ಬಲ್ಬು ಹಾಕ್ತಾರೆ, ಅದು ಬಿಸಿನೇ ಆಗಲ್ಲ, ಫಂಗಸ್ಸಿಗೆ ಬೆಳಕು ಹಾಕಿ ಕೂರಿಸಿದಂಗೆ.

ಅಲ್ಲಿ_ಇಲ್ಲಿ_ಕನ್ನಡಿಗ (ಮೇ 28, ರಾತ್ರಿ 10:50)

ಸಿಂಗಾಪುರದಿಂದ. ಇಲ್ಲಿ ವರ್ಷವಿಡೀ ಮಲೆನಾಡ ಜುಲೈ ತರಾನೇ. ಕ್ಯಾಮೆರಾ ಹುಚ್ಚು ಇರೋರ ಮನೇಲಿ ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಸಾಮಾನ್ಯ, ಚಿಕ್ಕ ಫ್ರಿಜ್ ತರ ಇರುತ್ತೆ, ಪರ್ಸೆಂಟ್ ಸೆಟ್ ಮಾಡಿ ಬಿಟ್ರೆ ಆಯ್ತು. ಊರಲ್ಲಿ ಕರೆಂಟ್ ಹೋದ್ರೂ ಬಾಗಿಲು ಮುಚ್ಚಿದ್ರೆ ಒಂದೆರಡು ದಿನ ತಡ್ಕೊಳುತ್ತೆ. ಆದ್ರೆ ಎರಡು ಲೆನ್ಸಿಗೆ ಈಗ್ಲೇ ಬೇಡ, ಡಬ್ಬ ಸಾಕು.

ಗುಮ್ಮಟದ_ಹುಡುಗ (ಮೇ 29, ಬೆಳಗ್ಗೆ 8:20)

ನೋಡ್ರಿ ನಮ್ಮ ವಿಜಯಪುರದಾಗ ಫಂಗಸ್ ಅಂದ್ರ ಏನಂತ ಕೇಳ್ತಾರ, ನಮಗ ಧೂಳಿಂದ ಗೋಳು. ಅದಕ್ಕ ನನ್ನ ಲೆಕ್ಕದಾಗ ಮೊದಲನೇ ಸಾಮಾನು ಬ್ಲೋವರ್. ರಬ್ಬರ್ ಪಿಚಕಾರಿ ಇರ್ತೈತಲ್ರಿ, ₹300ಕ್ಕ ಬರ್ತೈತಿ. ಮಿರರ್‌ಲೆಸ್ಸಿನ್ಯಾಗ ಲೆನ್ಸ್ ಬಿಚ್ಚಿದ್ರ ಸೆನ್ಸರ್ ಹಂಗ ಮಾರಿ ತೋರಿಸ್ಕೋಂತ ಕೂತಿರ್ತೈತಿ, ಮುಂದ ಕನ್ನಡಿ ಇಲ್ಲ ಏನಿಲ್ಲ. ಬಾಯಿಲೆ ಊದಬ್ಯಾಡ್ರಿ, ಎಂಜಲ ಬೀಳ್ತೈತಿ, ಅದನ್ನ ತೆಗ್ಯಾಕ ಸರ್ವಿಸ್ ಸೆಂಟರಿಗೇ ಹೋಗಬೇಕು. ಕ್ಯಾಮೆರಾ ಬಾಯಿ ಕೆಳಗ ಮಾಡಿ ಹಿಡೀರಿ, ಪುಸ್ ಪುಸ್ ಅಂತ ನಾಕ ಸಲ ಹೊಡೀರಿ, ಧೂಳ ತಾನ ಬೀಳ್ತೈತಿ. ಲೆನ್ಸ್ ಗಾಜಿಗೂ ಮೊದಲ ಬ್ಲೋವರ್, ಆಮ್ಯಾಲ ಮೈಕ್ರೋಫೈಬರ್ ಅರಿವಿ. ಅಂಗಿ ಚುಂಗಿಲೆ ಒರಸೋ ಮಂದಿ ನೋಡಿದ್ರ ನನಗ ಹೊಟ್ಟಿ ಉರೀತೈತಿ.

ಮತ್ತ ಸಫಾರಿಗೆ ಟ್ರೈಪಾಡ್ ಬ್ಯಾಡ್ರಿ, ಜೀಪಿನ್ಯಾಗ ಇಡಾಕ ಜಾಗಾನ ಇರೂದಿಲ್ಲ. ಟೇಲರ್ ಕಡೆ ದಪ್ಪ ಕಾಟನ್ನಿಂದು ಎರಡು ಹೊಟ್ಟಿ ಚೀಲ ಹೊಲಿಸಿ ಜ್ವಾಳ ತುಂಬ್ಸೀನಿ, ಜೀಪಿನ ಕಂಬಿ ಮ್ಯಾಲ ಅದನ್ನ ಹಾಕಿ ಅದರ ಮ್ಯಾಲ ಲೆನ್ಸ್ ಇಟ್ರ ಅಲುಗೂದಿಲ್ಲ.

ತುಂಗಾತೀರ (ಮೇ 29, ಬೆಳಗ್ಗೆ 10:00)

ಜ್ವಾಳದ ಬೀನ್ ಬ್ಯಾಗು ಸೂಪರ್ ರೀ.

ಯುವಿ ಫಿಲ್ಟರ್ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತೀನಿ. ಡಿಜಿಟಲ್ ಸೆನ್ಸರಿನ ಮುಂದೆ ಆಗ್ಲೇ ಯುವಿ ತಡೆಯೋ ಗಾಜಿರುತ್ತೆ, ಹಂಗಾಗಿ ಅದು ಬರೀ ರಕ್ಷಣೆಗೆ ಹಾಕೋ ಗಾಜು. ಕಾಂಬೋದಲ್ಲಿ ಬರೋ ಅಗ್ಗದ್ದು ಹಾಕಿ ದೇವಸ್ಥಾನದ ದೀಪ ತೆಗೀರಿ, ಒಂದು ದೀಪ ಎರಡಾಗಿ ಇನ್ನೊಂದು ಹಸಿರು ದೀಪ ಗಾಳೀಲಿ ತೇಲ್ತಾ ಇರುತ್ತೆ. ಅದರ ಬದಲು ಹುಡ್ (ಲೆನ್ಸ್ ಬಾಯಿ ಸುತ್ತ ಹಾಕೋ ಪ್ಲಾಸ್ಟಿಕ್ ಬಳೆ) ಹಾಕಿ. ಈ ಕಿಟ್ ಲೆನ್ಸುಗಳ ಜೊತೆ ಹುಡ್ ಕೊಡಲ್ಲ, 18-45ಕ್ಕೆ ಇಡಬ್ಲ್ಯೂ-53 ಅಂತ ಕೇಳಿ, ಬೇರೆ ಕಂಪನಿದು ₹400ರೊಳಗೆ ಸಿಗುತ್ತೆ. ಬಾಗಿಲಿಗೆ ತಾಗಿದ್ರೆ ಹುಡ್‌ಗೆ ತಾಗುತ್ತೆ, ಸಣ್ಣ ಹನಿ ಮಳೆಗೂ ಗಾಜಿಗೆ ಕೊಡೆ ಹಿಡಿದಂಗೆ.

ದುಡ್ಡು ಮಿಕ್ಕಿದ್ರೆ ಸಿಪಿಎಲ್ ಫಿಲ್ಟರ್. ಮಲೆನಾಡಲ್ಲಿ ಇದರಷ್ಟು ಉಪಯೋಗದ ಗಾಜು ಇನ್ನೊಂದಿಲ್ಲ. ಮಳೆ ನಿಂತ್ಮೇಲೆ ಎಲೆ ಎಲ್ಲ ಬೆಳ್ಳಗೆ ಹೊಳೀತಿರುತ್ತಲ್ಲ, ಸಿಪಿಎಲ್ ಹಾಕಿ ನಿಧಾನ ತಿರುಗ್ಸಿ, ಆ ಹೊಳಪು ಆರಿ ಒಳಗಿನ ಹಸಿರು ಕಾಣುತ್ತೆ, ಬಂಡೆ ಮೇಲಿನ ಪಾಚಿ ಕೂಡ. ಬೆಳಕನ್ನೂ ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ) ಕಮ್ಮಿ ಮಾಡುತ್ತೆ, ಮೋಡದ ದಿನ ಜೋಗದಲ್ಲಿ ನೀರು ಹಾಲಿನಂಗೆ ತೆಗೆಯೋಕೆ ಅಷ್ಟೇ ಸಾಕಾಗ್ಬಹುದು, ಬರೀ ಬೆಳಕು ಕಮ್ಮಿ ಮಾಡೋ ಎನ್‌ಡಿ ಫಿಲ್ಟರ್ ಆಮೇಲೆ ನೋಡ್ಕೊಳ್ಳಿ. ನಿಮ್ಮ 18-45 ಬಾಯಿ 49 ಎಂಎಂ, 55-210 ಬಾಯಿ 55 ಎಂಎಂ. ಎರಡು ಫಿಲ್ಟರ್ ತಗೋಬೇಡಿ. 55ರದ್ದು ಒಂದು, 49ರಿಂದ 55ಕ್ಕೆ ಸ್ಟೆಪ್-ಅಪ್ ರಿಂಗ್ ಒಂದು, ಅದನ್ನ ಹಾಕಿದ್ರೆ ಚಿಕ್ಕ ಬಾಯಿಗೂ ದೊಡ್ಡ ಫಿಲ್ಟರ್ ಕೂರುತ್ತೆ.

ಸಾಗರದ_ಹೊಸಬ (ಮೇ 29, ಸಂಜೆ 5:45)

ಬ್ಯಾಟರಿ ಒರಿಜಿನಲ್ ತಗೊಳ್ಳೋದಾ ಲೋಕಲ್ಲಾ? ರೇಟಲ್ಲಿ ಆಕಾಶ ಭೂಮಿ ವ್ಯತ್ಯಾಸ ಇದೆ. ಮತ್ತೆ ಯಕ್ಷಗಾನಕ್ಕೆ ಆ ಎಲ್ಇಡಿ ಲೈಟ್ ಉಪಯೋಗ ಆಗಲ್ವಾ?

ಕರಾವಳಿ_ಕಡ್ಲೆ (ಮೇ 29, ಸಂಜೆ 7:00)

ಆಟಕ್ಕೆ ಲೈಟ್ ಹಿಡ್ಕೊಂಡು ಹೋದ್ರೆ ಚೆಂಡೆಯವ್ರು ಕೋಲು ಹಿಡ್ಕೊಂಡು ಬರ್ತಾರೆ. ತಮಾಷೆಗೆ ಹೇಳಿದ್ದು, ಆದ್ರೆ ವೇಷಧಾರಿ ಕಣ್ಣಿಗೆ ಬೆಳಕು ಹೊಡೀಬಾರ್ದು, ಫ್ಲಾಶೂ ಬೇಡ. ಆ ದುಡ್ಡು ಉಳಿಸಿ ದೀಪಾವಳಿಗೆ ಆರ್‌ಎಫ್ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ನಿಮ್ಮ 55-210 ಪೂರ್ತಿ ಝೂಮಲ್ಲಿ ಎಫ್ 7.1 (ಈ ನಂಬರ್ ಕಮ್ಮಿ ಇದ್ದಷ್ಟು ಬೆಳಕು ಜಾಸ್ತಿ ಒಳಗೆ ಬರ್ತದೆ), ರಾತ್ರಿ ಆಟಕ್ಕೆ ಅದು ಕುರುಡು. 50 ಅಂದ್ರೆ ಈ ಕ್ಯಾಮೆರಾದಲ್ಲಿ 80 ಎಂಎಂ ಲೆಕ್ಕ, ರಂಗಸ್ಥಳದ ಮುಂದಿನ ಸಾಲಲ್ಲಿ ಕೂತ್ರೆ ಕಿರೀಟದಿಂದ ಸೊಂಟದವರೆಗೆ ಸರೀ ಬರ್ತದೆ. ಮತ್ತೊಂದು, ಸೈಲೆಂಟ್ ಶಟರ್ ಹಾಕ್ಬೇಡಿ, ಈಗ ಎಲ್ಲ ಕಡೆ ಎಲ್ಇಡಿ ಲೈಟು, ಫೋಟೋದಲ್ಲಿ ಪಟ್ಟೆ ಪಟ್ಟೆ ಬರ್ತದೆ.

ಐಟಿ_ಹಕ್ಕಿ (ಮೇ 29, ರಾತ್ರಿ 9:15)

ಬ್ಯಾಟರಿ ಒರಿಜಿನಲ್ ಎಲ್‌ಪಿ-ಇ17 ತಗೊಳ್ಳಿ. ಬೇರೆ ಕಂಪನಿದು ನಾನೂ ಎರಡು ತಗೊಂಡಿದ್ದೆ, ಒಂದು ಈಗ್ಲೂ ಚೆನ್ನಾಗಿದೆ, ಇನ್ನೊಂದು ಆರು ತಿಂಗಳಿಗೆ ಉಬ್ಬಿ ಕ್ಯಾಮೆರಾ ಒಳಗೆ ಸಿಕ್ಕಾಕೊಂಡಿತ್ತು, ಚಿಮಟ ಹಾಕಿ ಎಳೆದಿದ್ದು. ಕೆಲವು ಕ್ಯಾಮೆರಾ ಜೊತೆ ಬಂದ ಚಾರ್ಜರಲ್ಲಿ ಚಾರ್ಜೇ ಆಗಲ್ಲ. ಮುಂದೆ ಫ್ಲೈಟಲ್ಲಿ ಹೋದ್ರೆ ಸ್ಪೇರ್ ಬ್ಯಾಟರಿ ಕೈಚೀಲದಲ್ಲೇ ಇಟ್ಕೊಳ್ಳಿ, ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಂಗಿಲ್ಲ.

ಸಾಗರದ_ಹೊಸಬ (ಜೂನ್ 6, ರಾತ್ರಿ 8:30)

ಅಂಗಡಿಗೆ ಹೋಗ್ಲಿಲ್ಲ. ತಗೊಂಡಿದ್ದು ಇಷ್ಟು: ಡಬ್ಬ ₹650, ಮೀಟರ್ ₹280, ಕಿತ್ತಳೆ ಸಿಲಿಕಾ ಒಂದು ಕೆಜಿ ₹420, ಬ್ಲೋವರ್ ₹300, 64 ಜಿಬಿ ವಿ30 ಕಾರ್ಡ್ ₹950 (ಪೂರ್ತಿ ತುಂಬಿಸಿ ಚೆಕ್ ಮಾಡ್ದೆ, ಪಾಸ್), ಒರಿಜಿನಲ್ ಬ್ಯಾಟರಿ ₹4,300, ಸ್ಕ್ರೀನ್ ಗಾರ್ಡ್ ₹250, ಹುಡ್ ₹400. ಒಟ್ಟು ₹7,550. ಬ್ಯಾಗ್ ತಗೊಂಡಿಲ್ಲ, ತಂಗಿ ಹಳೇ ಸ್ಕೂಲ್ ಬ್ಯಾಗಿಗೆ ಸ್ವೆಟರ್ ಹಾಸಿದೀನಿ, ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್. ಉಳಿದಿದ್ದು 50 ಎಂಎಂ ಲೆಕ್ಕಕ್ಕೆ.

ಕಾಡುಮಲ್ಲಿಗೆ (ಜೂನ್ 6, ರಾತ್ರಿ 9:10)

ಒಳ್ಳೇದಾಯ್ತು. ಡಬ್ಬದಲ್ಲಿದೆ ಅಂತ ಮರೆತುಬಿಡ್ಬೇಡಿ, ವಾರಕ್ಕೊಂದ್ಸಲ ತೆಗೆದು ಹತ್ತು ಫೋಟೋ ಹೊಡೀರಿ. ಮಂಡಗದ್ದೆ ಪಕ್ಷಿಧಾಮಕ್ಕೆ ಬೆಳ್ಳಕ್ಕಿ ನೀರುಕಾಗೆ ಮಳೆಗಾಲದಲ್ಲೇ ಬರೋದು, ರಸ್ತೆ ಪಕ್ಕದಲ್ಲೇ ಕಾಣುತ್ತೆ, ಕೊಡೆ ಹಿಡಿಯೋಕೆ ಒಬ್ರನ್ನ ಕರ್ಕೊಂಡು ಹೋಗಿ. ಎಸಿ ಹಾಕಿದ ಕಾರಿಂದ ಇಳಿದ ತಕ್ಷಣ ಕ್ಯಾಮೆರಾ ತೆಗೀಬೇಡಿ, ಗಾಜು ಮಂಜಾಗುತ್ತೆ, ಬ್ಯಾಗೊಳಗೇ ಅರ್ಧ ಗಂಟೆ ಬಿಡಿ.

ಸಾಗರದ_ಹೊಸಬ (ಆಗಸ್ಟ್ 11, ಮಧ್ಯಾಹ್ನ 3:20)

ಅಪ್‌ಡೇಟ್. ಮೂರು ವಾರದಿಂದ ಸೂರ್ಯ ಕಂಡಿಲ್ಲ. ಮೀಟರ್ ಹೊರಗೆ ಜಗುಲಿ ಮೇಲಿಟ್ರೆ 91, ಡಬ್ಬದೊಳಗೆ 44. ಕರಾವಳಿಯವ್ರು ಹೇಳ್ದಂಗೆ ನಿನ್ನೆ ಟಾರ್ಚ್ ಬಿಟ್ಟು ಎರಡೂ ಲೆನ್ಸ್ ನೋಡ್ದೆ, ಕ್ಲೀನ್. ಮಂಡಗದ್ದೆಗೆ ಹೋಗಿದ್ದೆ, ಮರಿಗೆ ಗುಟುಕು ಕೊಡೋ ಬೆಳ್ಳಕ್ಕಿ ಒಂದೇ ಒಂದು ಶಾರ್ಪ್ ಬಂತು, ಮಿಕ್ಕ ಇನ್ನೂರು ಅಲುಗಾಡಿದ್ದು.

ಆದ್ರೆ ಜುಲೈಯಲ್ಲಿ ಒಂದಿನ ಮೀಟರ್ ಇದ್ದಕ್ಕಿದ್ದಂಗೆ 68 ತೋರಿಸ್ತು. ಮುಚ್ಚಳ ತೆಗೆದ್ರೆ 55-210 ಪಕ್ಕದಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ. ಅಮ್ಮ ಇಟ್ಟಿದ್ದು. "ನಿನ್ನ ಡಬ್ಬದಲ್ಲಿ ಇಟ್ರೆ ಮೆತ್ತಗಾಗಲ್ಲ ಅಂತಲ್ಲ" ಅಂತಾರೆ.

ಸ್ಟುಡಿಯೋ_ಮಾವ (ಆಗಸ್ಟ್ 11, ಸಂಜೆ 4:00)

ಅಮ್ಮಂಗೆ ಬೇರೆ ಡಬ್ಬ ತಂದ್ಕೊಡು ತಮ್ಮಾ. ಅದ್ರಲ್ಲಿ ಸಿಲಿಕಾ ಮಾತ್ರ ಹಾಕ್ಬೇಡ.

ಕರಾವಳಿ_ಕಡ್ಲೆ (ಆಗಸ್ಟ್ 11, ಸಂಜೆ 4:12)

ಹಪ್ಪಳ ಗರಿಗರಿ ಇತ್ತಾ ಇಲ್ವಾ, ಅದನ್ನು ಹೇಳಿ ಮೊದ್ಲು.

ಸಾಗರದ_ಹೊಸಬ (ಆಗಸ್ಟ್ 11, ಸಂಜೆ 4:30)

ಇತ್ತು ಮಾರಾಯ್ರೆ. ಅದೇ ಈಗ ತೊಂದ್ರೆ ಆಗಿರೋದು, ಅತ್ತೆ ಮನೆಯವ್ರೂ ಡಬ್ಬ ಕೇಳ್ತಿದಾರೆ.